ಡಬಲ್ ಪೆಡಲ್‌ನ ಎಡ ಬೀಟರ್ ಹಿಂದೆ ಬೀಳುತ್ತಿದೆಯಾ? ಹೊಸದು ಕೊಳ್ಳುವ ಮುಂಚೆ ದೋಷ ಹುಡುಕುವ ದಾರಿ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಡ್ರಮ್ಮರ್ ಹುಡುಗರು ನನ್ನ ಹತ್ತಿರ ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಕಡಿಮೆ ದುಡ್ಡಿಗೆ ಗಟ್ಟಿಮುಟ್ಟಾದ ಡಬಲ್ ಪೆಡಲ್ ಯಾವ್ದು?" ಡಬಲ್ ಪೆಡಲ್ ಅಂದರೆ ಒಂದೇ ಬೇಸ್ ಡ್ರಮ್ಮನ್ನು ಎರಡೂ ಕಾಲಿನಿಂದ ಬಾರಿಸುವ ಜೋಡಿ ಪೆಡಲ್, ಡ್ರಮ್‌ಗೆ ಬಡಿಯುವ ಸುತ್ತಿಗೆಯಂಥ ಕೋಲೇ ಬೀಟರ್. ಈಗ ಇರುವುದಕ್ಕೆ ಏನಾಯ್ತು ಅಂತ ಕೇಳಿದರೆ ಅದಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ. ಎಡಗಾಲಿನ ಏಟು ತಡವಾಗಿ ಬೀಳುತ್ತದೆ. ಸದ್ದು ಮೆತ್ತಗೆ ಬರುತ್ತದೆ. ಹಾಡಿನ ಸ್ಪೀಡ್ ಏರಿದರೆ ಎರಡು ಕಾಲೂ ಹೊಂದುವುದಿಲ್ಲ.

ಹೊಸ ಪೆಡಲ್‌ಗೆ ದುಡ್ಡು ಕೂಡಿಡುವ ಮುಂಚೆ, ಇರುವ ಪೆಡಲ್‌ನಲ್ಲಿ ದೋಷ ಎಲ್ಲಿದೆ ಅಂತ ಹುಡುಕಿ. ಬಹಳ ಸಲ ಅದು ಸಡಿಲವಾದ ಒಂದು ಸ್ಕ್ರೂನಲ್ಲೋ, ಒಣಗಿದ ಒಂದು ಬೇರಿಂಗ್‌ನಲ್ಲೋ, ಸರಿಯಾಗಿ ಕೂರದ ನೆಲದಲ್ಲೋ ಇರುತ್ತದೆ. ಹುಡುಕಿದ ಮೇಲೂ ಹೊಸದೇ ಬೇಕು ಅನ್ನಿಸಿದರೆ ತೊಂದರೆ ಇಲ್ಲ. ಅಂಗಡಿಯಲ್ಲಿ ಪೆಡಲ್‌ನ ಯಾವ ಜಾಗ ಮುಟ್ಟಿ ನೋಡಬೇಕು ಅನ್ನುವುದು ಅಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಡ್ರಮ್ ಕೀ (ಡ್ರಮ್‌ನ ಸ್ಕ್ರೂ ತಿರುಗಿಸುವ ಕೀಲಿ), ಅಲೆನ್ ಕೀ ಸೆಟ್, ಹಳೆಯ ಟೂತ್‌ಬ್ರಷ್, ಹತ್ತಿ ಬಟ್ಟೆ, ಹೊಲಿಗೆ ಮಷೀನ್ ಎಣ್ಣೆ, ಸ್ಲೋ ಮೋಷನ್ ವಿಡಿಯೋ ತೆಗೆಯುವ ಒಂದು ಫೋನ್.

ಕಾಲಿನ ದೋಷವೋ, ಪೆಡಲ್ ದೋಷವೋ?

ಇದನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಬಲಗೈ ಬಳಸುವವರಿಗೆ ಎಡಗಾಲಿನ ಬಲ ಕಡಿಮೆ ಇರುವುದು ಸಹಜ. ಹಾಗಂತ ಎಲ್ಲದಕ್ಕೂ ಕಾಲನ್ನೇ ಬೈಯುವುದೂ ಸರಿಯಲ್ಲ.

ಸ್ಟೂಲನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡು ಕೂತು, ಬಲಗಾಲನ್ನು ಎಡ ಪೆಡಲ್ ಮೇಲೆ ಇಡಿ. ಅದೇ ಬಲ, ಅದೇ ವೇಗದಲ್ಲಿ ಬಾರಿಸಿ. ಬಲಗಾಲಿಗೂ ಎಡ ಪೆಡಲ್ ಭಾರ ಅನ್ನಿಸಿದರೆ, ಏಟು ಮೆತ್ತಗೆ ಬಂದರೆ, ದೋಷ ಪೆಡಲ್‌ನಲ್ಲಿದೆ. ಬಲಗಾಲಿಗೆ ಅದು ಸಲೀಸಾಗಿ ಓಡಿದರೆ ಕಾಲಿಗೆ ಅಭ್ಯಾಸ ಬೇಕು, ಪೆಡಲ್‌ಗೆ ದುಡ್ಡು ಹಾಕಬೇಡಿ.

ಇನ್ನೂ ಖಚಿತವಾಗಿ ನೋಡಬೇಕಾದರೆ ಫೋನ್ ಬಳಸಿ. ತಾಳ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 90 ಬೀಟ್‌ಗೆ ಇಟ್ಟು, ಒಂದು ಬೀಟ್‌ಗೆ ನಾಲ್ಕು ಏಟಿನಂತೆ ಬಲ-ಎಡ-ಬಲ-ಎಡ ಬಾರಿಸಿ. ಸೆಕೆಂಡಿಗೆ 6 ಏಟು ಆಗುತ್ತದೆ. ಸೆಕೆಂಡಿಗೆ 240 ಫ್ರೇಮ್‌ನ ವಿಡಿಯೋದಲ್ಲಿ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ 40 ಫ್ರೇಮ್ ಇರಬೇಕು. ಬಲದಿಂದ ಎಡಕ್ಕೆ ಪ್ರತಿ ಸಲವೂ 45, ಎಡದಿಂದ ಬಲಕ್ಕೆ ಪ್ರತಿ ಸಲವೂ 35 ಬಂದರೆ ಎಲ್ಲೋ ಒಂದೇ ಅಳತೆಯ ಸಡಿಲ ಇದೆ ಅಂತ ಅನುಮಾನಿಸಿ. ಒಮ್ಮೆ 38, ಒಮ್ಮೆ 47, ಒಮ್ಮೆ 41 ಅಂತ ಏರುಪೇರಾದರೆ ಅದು ಹೆಚ್ಚಾಗಿ ಕಾಲಿನ ಕೆಲಸ. ಎಲ್ಲ ಫೋನಿನಲ್ಲೂ 240 ಇರುವುದಿಲ್ಲ. 120 ಇದ್ದರೆ ನಡುವೆ 20 ಫ್ರೇಮ್ ಲೆಕ್ಕ ಹಿಡಿಯಿರಿ, ಸಾಕು.

ದೋಷ ಜಾಸ್ತಿ ಅಡಗುವ ಜಾಗ: ಶಾಫ್ಟ್

ಸಿಂಗಲ್ ಪೆಡಲ್ ಬಹಳ ಹಳೆಯ ಸಾಧನ. ಲುಡ್ವಿಗ್ ಸಹೋದರರು ಷಿಕಾಗೋದಲ್ಲಿ ಬೇಸ್ ಡ್ರಮ್ ಪೆಡಲ್ ಮಾಡಿ ಕಂಪನಿ ಕಟ್ಟಿದ್ದು 1909ರಲ್ಲಿ. ಕಾಲಿನ ಹಲಗೆ, ಮೇಲೊಂದು ಅಚ್ಚು, ಬೀಟರ್, ಹಿಂದಕ್ಕೆ ಎಳೆಯುವ ಸ್ಪ್ರಿಂಗ್. ಇವತ್ತಿನ ನಿಮ್ಮ ಬಲ ಪೆಡಲ್‌ನ ಮೂಲವೂ ಅಷ್ಟೇ. ಹಾಗಾಗಿ ಅದು ಕೆಡುವುದು ಕಡಿಮೆ. ಲೂಯಿ ಬೆಲ್ಸನ್ ಅವರಂಥ ಹಿಂದಿನ ಡ್ರಮ್ಮರ್‌ಗಳು ಎರಡು ಕಾಲಿಗೆ ಎರಡು ಬೇಸ್ ಡ್ರಮ್ ಇಟ್ಟುಕೊಂಡು ನುಡಿಸುತ್ತಿದ್ದರು. ಅಲ್ಲಿ ಶಾಫ್ಟ್‌ನ ಗೊಡವೆಯೇ ಇರಲಿಲ್ಲ. ಒಂದೇ ಡ್ರಮ್‌ಗೆ ಎರಡೂ ಕಾಲಿನ ಏಟು ತರಲು ನಡುವೆ ಶಾಫ್ಟ್, ಅಂದರೆ ಎರಡೂ ಪೆಡಲನ್ನು ಸೇರಿಸುವ ಸರಳು, ಬಂತು. ಡಬಲ್ ಪೆಡಲ್‌ನ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಹುಟ್ಟುತ್ತದೆ.

ಎಡಗಾಲು ಒತ್ತಿದರೆ ಆ ಬಲ ಎಡ ಪೆಡಲ್‌ನ ಚೈನ್‌ಗೆ, ಅಲ್ಲಿಂದ ಕ್ಯಾಮ್‌ಗೆ (ಚೈನ್ ಸುತ್ತಿಕೊಳ್ಳುವ ಚಕ್ರ), ಅದರ ಅಚ್ಚಿಗೆ, ಒಂದು ಯೂನಿವರ್ಸಲ್ ಜಾಯಿಂಟ್‌ಗೆ, ಉದ್ದ ಹೊಂದಿಸುವ ಶಾಫ್ಟ್‌ಗೆ, ಇನ್ನೊಂದು ಜಾಯಿಂಟ್‌ಗೆ ಹೋಗಿ ಕೊನೆಗೆ ಮುಖ್ಯ ಪೆಡಲ್ (ಡ್ರಮ್‌ಗೆ ಕಚ್ಚಿಸಿದ ಬಲ ಪೆಡಲ್) ಮೇಲೇ ಇರುವ ಎಡ ಬೀಟರ್‌ಗೆ ಮುಟ್ಟುತ್ತದೆ. ಮಲೆನಾಡಿನ ಜೀಪ್ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜೀಪಿನ ಅಡಿಯ ಶಾಫ್ಟ್‌ನ ಎರಡೂ ತುದಿಗೆ ಇರುವ ಕ್ರಾಸ್ ಇದೆಯಲ್ಲ, ಪೆಡಲ್‌ನಲ್ಲಿರುವುದೂ ಅದೇ ಜಾತಿಯ ಜಾಯಿಂಟ್, ಅಳತೆ ಮಾತ್ರ ಚಿಕ್ಕದು. ಕ್ರಾಸ್ ಸವೆದ ಜೀಪ್ ಹೊರಡುವಾಗ ಟಕ್ ಅನ್ನುವ ಹಾಗೆ ಪೆಡಲ್‌ನದೂ ಟಕ್ ಅನ್ನುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎಡ ಬೀಟರ್‌ನ ಕೋಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ, ಅಲುಗಬಾರದು. ಇನ್ನೊಂದು ಕೈಯಲ್ಲಿ ಎಡ ಪೆಡಲ್‌ನ ಕ್ಯಾಮನ್ನು ನಿಧಾನಕ್ಕೆ ಹಿಂದೆ ಮುಂದೆ ತಿರುಗಿಸಿ. ಬೀಟರ್ ಹಿಡಿದ ಕೈಗೆ ಬಲ ತಾಗುವ ಮುಂಚೆ ಕ್ಯಾಮ್ ಎಷ್ಟು ತಿರುಗುತ್ತದೋ ಅಷ್ಟು ಪ್ಲೇ ಇದೆ ಅಂತ ಅರ್ಥ. ಸ್ವಲ್ಪವೇ ಅಲ್ವಾ ಅಂತ ಬಿಡಬೇಡಿ. ಅಚ್ಚಿನಿಂದ ಬೀಟರ್ ತಲೆಗೆ ಸುಮಾರು 20 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಶಾಫ್ಟ್‌ನಲ್ಲಿ 3 ಡಿಗ್ರಿ ಪ್ಲೇ ಇದ್ದರೆ ಬೀಟರ್ ತಲೆಯಲ್ಲಿ ಅದು 1 ಸೆಂಟಿಮೀಟರ್ ಆಗುತ್ತದೆ. ನಿಮ್ಮ ಕಾಲು ಪ್ರತಿ ಏಟಿಗೂ ಆ 1 ಸೆಂಟಿಮೀಟರನ್ನು ಸುಮ್ನೆ ತಳ್ಳುತ್ತಿರುತ್ತದೆ. 180ರ ವೇಗದಲ್ಲಿ ಬೀಟ್‌ಗೆ ನಾಲ್ಕು ಏಟು ಹೊಡೆಯುವಾಗ ಎರಡು ಏಟಿನ ನಡುವೆ ಇರುವುದೇ 83 ಮಿಲಿಸೆಕೆಂಡ್. ಅಲ್ಲಿ ಈ ಸಡಿಲ ಕಿವಿಗೆ ಕೇಳಿಸಿಯೇ ಕೇಳಿಸುತ್ತದೆ.

ಪ್ಲೇ ಇದೆ ಅಂತ ಗೊತ್ತಾದ ಮೇಲೆ ಅದು ಯಾವ ಜಾಗದ್ದು ಅಂತ ಹಿಡಿಯಬೇಕು. ಒಬ್ಬರು ಕ್ಯಾಮ್ ಅಲುಗಿಸುತ್ತಿರಲಿ. ನೀವು ಎರಡು ಬೆರಳಿನಿಂದ ಪ್ರತಿ ಸೇರುವ ಜಾಗವನ್ನೂ ಮುಟ್ಟುತ್ತಾ ಬನ್ನಿ. ಒಂದು ಬೆರಳು ಈಚೆ ಭಾಗದ ಮೇಲೆ, ಇನ್ನೊಂದು ಆಚೆ ಭಾಗದ ಮೇಲೆ. ಎರಡು ಬೆರಳೂ ಒಟ್ಟಿಗೆ ತಿರುಗಿದರೆ ಆ ಜಾಗ ಸರಿ ಇದೆ. ಒಂದು ತಿರುಗಿ ಇನ್ನೊಂದು ನಿಂತರೆ ಸಿಕ್ಕಿತು. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ.

ಶಾಫ್ಟ್ ಅಚ್ಚಿಗೆ ಕೂರುವ ಜಾಗದ ಸ್ಕ್ರೂ ಸಡಿಲವಾಗಿದ್ದರೆ ಅದು ಅದೃಷ್ಟ ಅಂದುಕೊಳ್ಳಿ. ಬಿಚ್ಚಿ, ಒರೆಸಿ, ಅಚ್ಚಿನ ಚಪ್ಪಟೆ ಭಾಗದ ಮೇಲೆ ಸ್ಕ್ರೂ ಸರಿಯಾಗಿ ಕೂರುವಂತೆ ಮತ್ತೆ ಬಿಗಿ ಮಾಡಿ. ದುಂಡು ಭಾಗದ ಮೇಲೆ ಬಿಗಿದ ಸ್ಕ್ರೂ ನಾಲ್ಕು ಹಾಡಿಗೇ ಜಾರುತ್ತದೆ. ಪದೇ ಪದೇ ಸಡಿಲವಾಗುತ್ತಿದ್ದರೆ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಕೆಂಪು ಬೇಡ. ನೀಲಿಯದನ್ನು ಕೀಯಿಂದ ಬಿಚ್ಚಬಹುದು, ಕೆಂಪಿನದಕ್ಕೆ ಬಿಸಿ ಮಾಡದೆ ಬಿಚ್ಚುವುದು ಕಷ್ಟ.

ಉದ್ದ ಹೊಂದಿಸುವ ಕೊಳವೆಯ ಸ್ಕ್ರೂ ಸಡಿಲವಾಗಿದ್ದರೂ ಹೀಗೇ ಬಿಗಿಯಬಹುದು. ಜಾಯಿಂಟ್‌ನ ಪಿನ್ನೇ ಸವೆದಿದ್ದರೆ ಮಾತ್ರ ಬಿಗಿಯಲು ಏನೂ ಇರುವುದಿಲ್ಲ. ಆಗ ಎರಡು ದಾರಿ. ಅದೇ ಕಂಪನಿಯ ಶಾಫ್ಟ್ ಬಿಡಿಯಾಗಿ ಸಿಗುತ್ತದಾ ನೋಡಿ. ಪರ್ಲ್, ತಾಮಾ, ಡಿಡಬ್ಲ್ಯು ಮೂವರೂ ಶಾಫ್ಟನ್ನು ಬಿಡಿ ಭಾಗವಾಗಿ ಮಾರುತ್ತಾರೆ. ಆದರೆ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುತ್ತದೆ ಅನ್ನುವ ಭರವಸೆ ಇಲ್ಲ, ಅಚ್ಚಿನ ದಪ್ಪ, ಆಕಾರ ಬೇರೆ ಇರಬಹುದು. ಕೊಳ್ಳುವ ಮುಂಚೆ ಅಳೆಯಿರಿ. ಇನ್ನೊಂದು ದಾರಿ ಲೇತ್ ಅಂಗಡಿ. ಭದ್ರಾವತಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು, ಕಬ್ಬಿಣದ ಕೆಲಸ ಬಲ್ಲವರು ಅಲ್ಲಿದ್ದಾರೆ. ಶಿವಮೊಗ್ಗದಲ್ಲೂ ಅಡಿಕೆ ಸುಲಿಯುವ ಮಷೀನು, ಟಿಲ್ಲರ್ ರಿಪೇರಿಗೆ ಒಗ್ಗಿದ ಲೇತ್‌ಗಳಿವೆ. ಸವೆದ ಪಿನ್ನನ್ನು ಜೊತೆಗೆ ಒಯ್ದು ತೋರಿಸಿ. ಚಿಕ್ಕ ಕೆಲಸ ಅಂತ ಕೆಲವರು ಒಪ್ಪುವುದಿಲ್ಲ, ಒಪ್ಪಿದವರು ಚೆನ್ನಾಗಿಯೇ ಮಾಡಿಕೊಡುತ್ತಾರೆ.

ಪ್ಲೇ ಇಲ್ಲ, ಆದರೂ ಎಡಗಾಲು ಒಂದೊಂದು ಕಡೆ ಹಗುರ, ಒಂದೊಂದು ಕಡೆ ಭಾರ ಅನ್ನಿಸುತ್ತದಾ? ಶಾಫ್ಟ್‌ನ ಓರೆ ನೋಡಿ. ಈ ಜಾತಿಯ ಜಾಯಿಂಟ್ ನೇರವಾಗಿದ್ದಾಗ ಮಾತ್ರ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಒಂದು ಜಾಯಿಂಟ್ 15 ಡಿಗ್ರಿ ಬಾಗಿದರೆ ವೇಗದಲ್ಲಿ ಸುಮಾರು 3.5 ಶೇಕಡಾ ಏರಿಳಿತ, ಅದು ಕಾಲಿಗೆ ತಿಳಿಯುವುದಿಲ್ಲ. 30 ಡಿಗ್ರಿ ಬಾಗಿದರೆ ಏರಿಳಿತ 15 ಶೇಕಡಾ ಹತ್ತಿರ ಹೋಗುತ್ತದೆ, ಅದು ತಿಳಿಯುತ್ತದೆ. ಎರಡೂ ತುದಿಯ ಜಾಯಿಂಟ್ ಒಂದೇ ಅಳತೆಗೆ ಬಾಗಿದ್ದು, ಶಾಫ್ಟ್‌ನ ಎರಡೂ ಕಡೆ ಜಾಯಿಂಟ್ ಹಿಡಿಯುವ ಕವೆಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ತೀರಿಸುತ್ತದೆ. ಹಾಗಾಗಿ ಶಾಫ್ಟನ್ನು ಬಿಚ್ಚಿ ಜೋಡಿಸುವಾಗ ಒಂದು ಕಡೆಯ ಕವೆ ನಿಂತಿದ್ದು ಇನ್ನೊಂದು ಮಲಗಿದ ಹಾಗೆ ಕೂರಿಸಬೇಡಿ. ಚಪ್ಪಟೆ ಅಂಚಿರುವ ಶಾಫ್ಟ್‌ನಲ್ಲಿ ಹೀಗಾಗುವುದು ಕಡಿಮೆ, ದುಂಡು ಶಾಫ್ಟ್‌ನಲ್ಲಿ ಸುಲಭವಾಗಿ ಆಗಿಬಿಡುತ್ತದೆ.

ಇನ್ನೊಂದು ಸಂಗತಿ ತುಂಬ ಜನರ ಕಣ್ಣು ತಪ್ಪಿಸುತ್ತದೆ. ಹೈ ಹ್ಯಾಟ್ (ಎಡಗಾಲಿನಿಂದ ಬಡಿಯುವ ಜೋಡಿ ತಾಳ) ಸ್ಟ್ಯಾಂಡಿನ ಕಾಲು ಶಾಫ್ಟ್‌ಗೆ ತಾಗುತ್ತಿದೆಯಾ? ಬಗ್ಗಿ ನೋಡಿ. ತಾಗುತ್ತಿದ್ದರೆ ಸ್ಟ್ಯಾಂಡಿನ ಕಾಲನ್ನು ತಿರುಗಿಸಿ, ಅಷ್ಟೇ ಕೆಲಸ.

ಬೇರಿಂಗ್

ಎರಡೂ ಪೆಡಲ್‌ನ ಸ್ಪ್ರಿಂಗನ್ನು ಕೊಕ್ಕೆಯಿಂದ ಬಿಡಿಸಿ. ಬಲ ಬೀಟರನ್ನು ಹಿಂದಕ್ಕೆ ಎತ್ತಿ ಬಿಡಿ, ಅದು ಎಷ್ಟು ಹೊತ್ತು ತೂಗುತ್ತದೆ ನೋಡಿ. ಆಮೇಲೆ ಶಾಫ್ಟ್ ಬಿಚ್ಚಿ ಎಡ ಬೀಟರನ್ನು ಹಾಗೇ ಬಿಡಿ. ಇದಕ್ಕೆ ಕಾಲಿನ ಹಲಗೆಯ ಭಾರ ಇಲ್ಲದ್ದರಿಂದ ಇನ್ನೂ ಸಲೀಸಾಗಿ ತೂಗಬೇಕು. ಎರಡೇ ತೂಗಿಗೆ ನಿಂತರೆ ಮುಖ್ಯ ಪೆಡಲ್‌ನಲ್ಲೇ ಎಡ ಬೀಟರ್‌ನ ಬೇರಿಂಗ್ ಹಿಡಿದುಕೊಂಡಿದೆ. ಚೆನ್ನಾಗಿ ತೂಗಿ, ಶಾಫ್ಟ್ ಹಾಕಿದ ಮೇಲೆ ನಿಂತರೆ ಹಿಡಿತ ಎಡ ಪೆಡಲ್ ಕಡೆ ಇದೆ.

ಬೇರಿಂಗ್ ಹೋಗಿದ್ದರೆ ಇಡೀ ಪೆಡಲ್ ಎಸೆಯುವ ಕಾರಣವೇ ಇಲ್ಲ. ಬೇರಿಂಗ್ ಮುಖದ ಮೇಲೆ ಸಾಮಾನ್ಯವಾಗಿ ನಂಬರ್ ಕೊರೆದಿರುತ್ತದೆ. ಉದಾಹರಣೆಗೆ 608 ಅಂದರೆ ಒಳತೂತು 8, ಹೊರಗೆ 22, ಅಗಲ 7 ಮಿಲಿಮೀಟರ್. ಯಾವ ನಂಬರ್ ಇದೆಯೋ ಅದನ್ನು ಬೇರಿಂಗ್ ಅಂಗಡಿಯಲ್ಲಿ ಹೇಳಿ, ಎರಡೂ ಪಕ್ಕ ರಬ್ಬರ್ ಸೀಲ್ ಇರುವುದನ್ನು ಕೇಳಿ ತಗೊಳ್ಳಿ. ನಂಬರ್ ಅಳಿಸಿದ್ದರೆ ಹಳೆಯದನ್ನೇ ಒಯ್ಯಿರಿ, ಅಳತೆ ಹಿಡಿದು ಕೊಡುತ್ತಾರೆ.

ಸ್ಪ್ರಿಂಗ್ ಮತ್ತು ಬೀಟರ್

ಎರಡೂ ಬೀಟರ್ ಸುಮ್ಮನೆ ನಿಂತಾಗ ಡ್ರಮ್ ಹೆಡ್‌ನಿಂದ ಒಂದೇ ದೂರದಲ್ಲಿರಬೇಕು. ಕೋಲಿನ ಉದ್ದವೂ ಒಂದೇ ಇರಬೇಕು. ಉದ್ದ ಕೋಲಿನ ಬೀಟರ್ ಭಾರ, ಹಿಂದೆ ಬರುವುದೂ ನಿಧಾನ. ಎಡ ಕಡೆ ಶಾಫ್ಟ್‌ನ ಭಾರವೂ ಸೇರುವುದರಿಂದ ಎಡ ಸ್ಪ್ರಿಂಗನ್ನು ಬಲಕ್ಕಿಂತ ಸ್ವಲ್ಪ ಬಿಗಿ ಇಡುವುದು ನನಗೆ ಸರಿ ಕಂಡಿದೆ. ಆದರೆ ಪ್ಲೇ ಇರುವ ಶಾಫ್ಟ್‌ಗೆ ಸ್ಪ್ರಿಂಗ್ ಬಿಗಿದು ಸರಿ ಮಾಡಲು ಹೋಗಬೇಡಿ. ಕಾಲು ನೋಯುತ್ತದೆ, ಏಟು ಮಾತ್ರ ಹಿಂದೆಯೇ ಇರುತ್ತದೆ.

ಎಡದ ಸದ್ದು ಸಮಯಕ್ಕೆ ಸರಿಯಾಗಿ ಬಂದೂ ಬೇರೆ ಥರ ಕೇಳಿಸಿದರೆ ಬೀಟರ್ ಬೀಳುವ ಜಾಗ ನೋಡಿ. ಬಲ ಬೀಟರ್ ಸರಿಯಾಗಿ ನಡುವೆ ಬಿದ್ದರೆ ಎಡದ್ದು ಪಕ್ಕಕ್ಕೆ ಬೀಳಲೇಬೇಕು. ಮುಖ್ಯ ಪೆಡಲನ್ನು ರಿಮ್ (ಡ್ರಮ್‌ನ ಅಂಚಿನ ಬಳೆ) ಮೇಲೆ ಸ್ವಲ್ಪ ಬಲಕ್ಕೆ ಸರಿಸಿ, ಎರಡೂ ಬೀಟರ್ ನಡುಬಿಂದುವಿನ ಆಚೀಚೆ ಸಮಾನ ದೂರದಲ್ಲಿ ಬೀಳಲಿ.

ನೆಲ ಸರಿ ಇದೆಯಾ?

ಮನೆಯಲ್ಲಿ ಚೆನ್ನಾಗಿದ್ದ ಪೆಡಲ್ ಸ್ಟೇಜ್ ಮೇಲೆ ಕೈಕೊಟ್ಟರೆ ಪೆಡಲನ್ನು ಬಿಚ್ಚಬೇಡಿ, ಕೆಳಗೆ ನೋಡಿ. ಗಣಪತಿ ಪೆಂಡಾಲ್, ಜಾತ್ರೆ ಸ್ಟೇಜ್‌ಗಳಲ್ಲಿ ಕಬ್ಬಿಣದ ಫ್ರೇಮ್ ಮೇಲೆ ಹಲಗೆ ಹಾಸಿರುತ್ತಾರೆ. ಬಲ ಪೆಡಲ್ ಒಂದು ಹಲಗೆ ಮೇಲೆ, ಎಡದ್ದು ಇನ್ನೊಂದರ ಮೇಲೆ ಕೂತಿರುತ್ತದೆ. ಒಂದು ಹಲಗೆ ತಗ್ಗಿದರೆ ಶಾಫ್ಟ್ ಓರೆಯಾಗುತ್ತದೆ, ಪಕ್ಕದಲ್ಲಿ ಯಾರಾದರೂ ಕುಣಿದರೆ ಎಡ ಪೆಡಲ್ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಎರಡೂ ಪೆಡಲ್ ಕೂರುವಷ್ಟು ದೊಡ್ಡ ಪ್ಲೈವುಡ್ ತುಂಡೊಂದನ್ನು ಕಿಟ್ ಜೊತೆ ಒಯ್ಯುವುದು ಇದಕ್ಕೆ ಒಳ್ಳೆಯ ಪರಿಹಾರ. ಅದರ ಮೇಲೆ ಕಾರ್ಪೆಟ್ ಅಂಟಿಸಿ.

ಮಲೆನಾಡಿನ ಹಳೆಯ ಮನೆಗಳ ಕೆಂಪು ಗಾರೆ ನೆಲದ ಮೇಲೂ ಇದೇ ಹಲಗೆ ಬೇಕಾಗುತ್ತದೆ. ಆ ನುಣುಪಿನ ಮೇಲೆ ಪೆಡಲ್ ಅಡಿಯ ವೆಲ್‌ಕ್ರೋಗೆ ಹಿಡಿತವೇ ಸಿಗುವುದಿಲ್ಲ. ಎಡ ಪೆಡಲ್‌ಗೆ ರಿಮ್‌ನ ಹಿಡಿತವೂ ಇಲ್ಲ, ಅದು ಕಾರ್ಪೆಟ್ ನಂಬಿಕೊಂಡೇ ನಿಲ್ಲಬೇಕು. ಬಾರಿಸುತ್ತಾ ಬಾರಿಸುತ್ತಾ ಅದು ಮುಂದಕ್ಕೆ ಜಾರಿ ಶಾಫ್ಟ್‌ನ ಓರೆ ಹೆಚ್ಚುತ್ತಾ ಹೋಗುತ್ತದೆ. ಮೊದಲ ಹಾಡು ಸಲೀಸು, ಐದನೇ ಹಾಡಿಗೆ ಎಡಗಾಲು ಭಾರ ಅನ್ನುವವರು ಮೊದಲು ಇದನ್ನೇ ನೋಡಿ.

ಕಿರ್ ಕಿರ್ ಸದ್ದು, ಮಳೆಗಾಲ, ಎಣ್ಣೆ

ಸದ್ದು ಎಲ್ಲಿಂದ ಅಂತ ಹುಡುಕಲು ಒಂದೊಂದೇ ಭಾಗ ಬಿಡಿಸಿ. ಸ್ಪ್ರಿಂಗ್ ಬಿಡಿಸಿದಾಗ ಸದ್ದು ನಿಂತರೆ ಅದು ಸ್ಪ್ರಿಂಗ್ ಕೊಕ್ಕೆಯದು. ಇಲ್ಲವಾದರೆ ಹಿಮ್ಮಡಿ ಹತ್ತಿರದ ಕೀಲು, ಆಮೇಲೆ ಚೈನ್, ಆಮೇಲೆ ಜಾಯಿಂಟ್.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಯೇ ಬೆವರುವಾಗ ಬ್ಯಾಗಿನಲ್ಲಿ ಮುಚ್ಚಿಟ್ಟ ಚೈನ್‌ಗೆ ತುಕ್ಕು ಹಿಡಿಯದೆ ಇರುತ್ತದಾ? ತುಕ್ಕು ಹಿಡಿದ ಚೈನ್‌ನ ಕೊಂಡಿಗಳು ಬಾಗುವುದಿಲ್ಲ, ಬೀಟರ್ ಹಿಂದೆ ಬರುವಾಗ ತಡೆಯುತ್ತವೆ. ಚೈನನ್ನು ಬೆರಳ ಮೇಲೆ ಜೋತು ಬಿಟ್ಟು ನೋಡಿ, ಎಲ್ಲಾದರೂ ಸೊಟ್ಟಗೆ ನಿಂತರೆ ಆ ಕೊಂಡಿ ಹಿಡಿದಿದೆ ಅಂತ ಅರ್ಥ. ಟೂತ್‌ಬ್ರಷ್‌ಗೆ ಡಬ್ಲ್ಯುಡಿ-40 ಸಿಂಪಡಿಸಿ ಉಜ್ಜಿ. ಅದು ನೀರು, ತುಕ್ಕು ತೆಗೆಯಲು ಒಳ್ಳೆಯದು, ಆದರೆ ತೆಳು, ಬಹಳ ದಿನ ನಿಲ್ಲುವುದಿಲ್ಲ. ಒರೆಸಿದ ಮೇಲೆ ಹೊಲಿಗೆ ಮಷೀನ್ ಎಣ್ಣೆ ಹನಿ ಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ.

ಕೈಗೆ ಸಿಗುತ್ತದೆ ಅಂತ ಕೊಬ್ಬರಿ ಎಣ್ಣೆ ಮಾತ್ರ ಹಾಕಬೇಡಿ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್ ರಾತ್ರಿ ಬಯಲು ಸ್ಟೇಜ್ ಮೇಲೆ ಕೂತಾಗ ನಿಮ್ಮ ಬೇರಿಂಗ್ ಒಳಗೆ ಅದು ಮೇಣದಂತಾಗಿರುತ್ತದೆ. ದಪ್ಪ ಗ್ರೀಸೂ ಬೇಡ, ಧೂಳು ಹಿಡಿಯುತ್ತದೆ.

ಫೆಲ್ಟ್ ಬೀಟರ್ ತೇವ ಕುಡಿದು ಮೆತ್ತಗಾಗಿದ್ದರೆ ಗಾಳಿಗೆ ಒಣಗಿಸಿ, ಒಲೆ ಹತ್ತಿರ ಬೇಡ. ಒಂದು ಮುಖ ಫೆಲ್ಟ್, ಇನ್ನೊಂದು ಪ್ಲಾಸ್ಟಿಕ್ ಇರುವ ಬೀಟರ್ ಆದರೆ ಮಳೆಗಾಲದಲ್ಲಿ ಎರಡನ್ನೂ ಪ್ಲಾಸ್ಟಿಕ್ ಮುಖಕ್ಕೆ ತಿರುಗಿಸಿಕೊಳ್ಳಿ.

ಇಷ್ಟಾದರೂ ಹೊಸದೇ ಬೇಕೆಂದರೆ

ಸವೆದ ಜಾಯಿಂಟ್‌ಗೆ ಬಿಡಿ ಭಾಗ ಸಿಗದಿದ್ದರೆ, ಅಚ್ಚು ಬಾಗಿದ್ದರೆ, ಎರಕದ ಕಂಬ ಬಿರುಕು ಬಿಟ್ಟಿದ್ದರೆ ಬೇರೆ ಪೆಡಲ್ ತಗೊಳ್ಳುವುದೇ ಸರಿ. ಬಿರುಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡ, ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ನಮ್ಮ ಕಡೆಗೆ ನಾನು ಹೇಳುವುದು ಚೈನ್ ಇರುವ, ಅಡಿಯಲ್ಲಿ ಗಟ್ಟಿ ಪ್ಲೇಟ್ ಇರುವ, ಬಿಡಿ ಭಾಗ ಸಿಗುವ ಪೆಡಲ್. ಪರ್ಲ್ ಡೆಮನೇಟರ್, ತಾಮಾ ಐರನ್ ಕೋಬ್ರಾ 200, ಡಿಡಬ್ಲ್ಯು 3000 ಇವು ಆಯಾ ಕಂಪನಿಗಳ ದುಬಾರಿ ಮಾದರಿಗಳಿಗಿಂತ ಕೆಳಗಿನ ಬೆಲೆಯವು. ಮೂರರಲ್ಲಿ ನಿಮಗೆ ಎಟಕುವುದು ಯಾವುದೋ ಅದಕ್ಕೆ ಮೇಲಿನ ಬೀಟರ್ ಹಿಡಿಯುವ ಪರೀಕ್ಷೆ ಮಾಡಿ. ಚೈನ್ ಎರಡು ಸಾಲೋ ಒಂದು ಸಾಲೋ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಒಂದು ಸಾಲಿನದೂ ಸಾಕಷ್ಟು ಗಟ್ಟಿ. ಹೆಸರಿಲ್ಲದ ಅಗ್ಗದ ಡೈರೆಕ್ಟ್ ಡ್ರೈವ್ ಬೇಡ. ಡೈರೆಕ್ಟ್ ಡ್ರೈವ್‌ನಲ್ಲಿ ಚೈನ್ ಬದಲು ಗಟ್ಟಿ ಕೊಂಡಿ ಇರುತ್ತದೆ, ಅದರ ಎರಡೂ ತುದಿಯಲ್ಲಿ ಮತ್ತೆ ಕೀಲು ಬೇಕು. ಒಳ್ಳೆಯ ಕಂಪನಿಯದಾದರೆ ಅದು ತುಂಬ ಚುರುಕು. ಅಗ್ಗದ್ದಾದರೆ ಸವೆಯುವ ಜಾಗ ಇನ್ನೆರಡು ಹೆಚ್ಚಾದಂತೆ.

ಹಳೆಯ ಪೆಡಲ್ ಕೊಳ್ಳಲು ನಾನು ಯಾರಿಗೂ ಬೇಡ ಅನ್ನುವುದಿಲ್ಲ. ಕಮ್ಮಿ ದುಡ್ಡಿಗೆ ಒಳ್ಳೆಯ ಪೆಡಲ್ ಸಿಗುವುದು ಹೆಚ್ಚಾಗಿ ಹಾಗೇ. ಮಾರುವವರ ಮನೆಗೆ ಹೋಗುವಾಗ ಡ್ರಮ್ ಕೀ ಒಯ್ಯಿರಿ. ಪೆಡಲ್ ಹೊಳೆಯುತ್ತದಾ ಅಂತ ನೋಡುವುದಕ್ಕಿಂತ ಸ್ಕ್ರೂ ತಲೆಗಳನ್ನು ನೋಡಿ. ಮೂಲೆ ಸವೆದು ದುಂಡಾಗಿದ್ದರೆ ಪದೇ ಪದೇ ಸಡಿಲವಾಗಿ, ಪದೇ ಪದೇ ಬಿಗಿದ ಪೆಡಲ್ ಅದು. ಪ್ರತಿ ಸ್ಕ್ರೂವನ್ನೂ ಅರ್ಧ ಸುತ್ತು ಬಿಚ್ಚಿ ಮತ್ತೆ ಬಿಗಿಯಿರಿ. ಒಂದಾದರೂ ಕೊನೆ ಸಿಗದೆ ತಿರುಗುತ್ತಲೇ ಇದ್ದರೆ ಅಲ್ಲಿ ಥ್ರೆಡ್ ಹೋಗಿದೆ. ಸ್ಪ್ರಿಂಗ್ ಬಿಡಿಸಿ ಬೀಟರ್ ತೂಗಿಸಿ, ಎಡ ಬೀಟರ್ ಹಿಡಿದು ಕ್ಯಾಮ್ ಅಲುಗಿಸಿ. ಹತ್ತು ನಿಮಿಷದ ಈ ಕೆಲಸಕ್ಕೆ ಮಾರುವವರು ಒಪ್ಪದಿದ್ದರೆ "ಆಯ್ತು, ಆಮೇಲೆ ಹೇಳ್ತೀನಿ" ಅಂತ ಎದ್ದು ಬನ್ನಿ. ಒಪ್ಪಿ, ಎಲ್ಲ ಸರಿ ಇದ್ದು, ಬೇರಿಂಗ್ ಮಾತ್ರ ಹಿಡಿದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ, ಪೆಡಲ್ ತಗೊಳ್ಳಿ.